‘ಆಯ್ತು, ನೋಡಿ’ ಅಂದರೆ ಏನನ್ನು ನೋಡಬೇಕು?

ಪ್ರಶ್ನೆ: ನಾನು ಕಂಪನಿಯೊಂದರ ತರಬೇತಿ ವಿಭಾಗದಲ್ಲಿದ್ದೇನೆ. ನಮ್ಮಲ್ಲಿ ಹೆಚ್ಚಿನವರು ಮನೆಯಿಂದಲೇ ಕೆಲಸ ಮಾಡುತ್ತಾರೆ. ದೂರದಲ್ಲಿದ್ದೂ ತಂಡವಾಗಿ ದುಡಿಯುವುದು ಹೇಗೆ ಅಂತ ಎರಡು ಗಂಟೆಯ ಆನ್‌ಲೈನ್ ಕೋರ್ಸ್ ಮಾಡಿಕೊಡಲು ಹೇಳಿದ್ದಾರೆ. ಎಂಟು ವಿಡಿಯೋ, ಕೊನೆಗೊಂದು ಕ್ವಿಜ್ ಅಂದುಕೊಂಡಿದ್ದೇನೆ. ಆದರೆ ಜನ ವಿಡಿಯೋ ಓಡಿಸಿಟ್ಟು ಬೇರೆ ಕೆಲಸ ಮಾಡುತ್ತಾರೇನೋ ಅನ್ನುವ ಭಯ. ಏನು ಮಾಡಲಿ?

ಉತ್ತರ: ನಿಮ್ಮ ಭಯ ನಿಜವೇ. ನಾನು ಮೊದಲ ಸಲ ಇಂಥ ಕೋರ್ಸ್ ಮಾಡಿದಾಗ ಹನ್ನೊಂದು ವಿಡಿಯೋ ಇದ್ದವು. ಕ್ವಿಜ್‌ನಲ್ಲಿ ಬಹುತೇಕ ಎಲ್ಲರಿಗೂ ಹತ್ತಕ್ಕೆ ಹತ್ತು. ಮುಂದಿನ ವಾರವೇ ಆ ತಂಡದಲ್ಲಿ ಇಬ್ಬರು ಒಂದೇ ವರದಿಯನ್ನು ಬೇರೆ ಬೇರೆ ಕೂತು ಬರೆದಿದ್ದರು. ಗ್ರಾಹಕರಿಗೆ ಹೋಗಬೇಕಿದ್ದ ಉತ್ತರವನ್ನು ಯಾರೂ ಬರೆದಿರಲಿಲ್ಲ. ತುಂಬಾ ಬೇಸರವಾಯಿತು. ತಂಡದ ಬಗ್ಗೆ ಅಷ್ಟೆಲ್ಲ ಹೇಳಿದ್ದೆ, ಅವರಿಂದ ಜೊತೆಯಾಗಿ ಏನನ್ನೂ ಮಾಡಿಸಿರಲಿಲ್ಲ.

ಹಾಗಾಗಿ ರೆಕಾರ್ಡಿಂಗ್‌ಗೆ ಮುಂಚೆ ಒಂದು ಕೆಲಸ ಮಾಡಿ. ಒಂದೆರಡು ತಂಡಗಳ ಒಪ್ಪಿಗೆ ಪಡೆದು, ಕಳೆದ ತಿಂಗಳ ಮೆಸೇಜ್‌ಗಳನ್ನು ಅವರ ಜೊತೆಯೇ ಓದಿ. ಕೆಲಸ ಎಲ್ಲಿ ನಿಂತಿತು ಅಂತ ಗುರುತು ಹಾಕಿಕೊಳ್ಳಿ. ಜಗಳಗಳು ಸಿಗುತ್ತವೆ ಅಂದುಕೊಂಡು ನಾನು ಓದಲು ಕೂತಿದ್ದೆ. ಸಿಕ್ಕಿದ್ದು ಬೇರೆ. ಒಬ್ಬರು ಮುಗಿಸಿ ಇನ್ನೊಬ್ಬರ ಕೈಗೆ ಕೊಡುವ ಜಾಗದಲ್ಲೇ ಕೆಲಸ ನಿಲ್ಲುತ್ತಿತ್ತು.

ಒಂದು ಮೆಸೇಜ್ ಇವತ್ತಿಗೂ ನೆನಪಿದೆ. ರಾತ್ರಿ 9.40ಕ್ಕೆ ಒಬ್ಬರು ಬರೆದಿದ್ದರು: ‘ಆಯ್ತು, ನೋಡಿ.’ ಬೆಳಿಗ್ಗೆ ಅದನ್ನು ತೆರೆದವರ ಮುಂದೆ ಹೆಚ್ಚುಕಮ್ಮಿ ಒಂದೇ ಹೆಸರಿನ ಮೂರು ಫೈಲ್. ಯಾವುದು ಹೊಸದು? ಏನು ಬಾಕಿ? ಬರೆದವರು ಮಧ್ಯಾಹ್ನದವರೆಗೆ ಆನ್‌ಲೈನ್ ಬರಲಿಲ್ಲ. ಅರ್ಧ ದಿನ ಸುಮ್ನೆ ಹೋಯಿತು. ಒಂದೇ ಕೋಣೆಯಲ್ಲಿದ್ದಿದ್ದರೆ ತಲೆ ಎತ್ತಿ ‘ಯಾವ ಫೈಲು?’ ಅಂತ ಕೇಳಿದರೆ ಸಾಕಿತ್ತು, ಅಲ್ವಾ?

ಹೀಗೂ ಬರೆಯಬಹುದಿತ್ತು: ‘ಎರಡನೇ ಭಾಗ ಮುಗಿದಿದೆ. ಇವತ್ತಿನ ತಾರೀಖಿರುವ ಫೈಲ್ ನೋಡಿ. ಐದನೇ ಪುಟದ ಅಂಕಿ ಇನ್ನೂ ಖಚಿತವಿಲ್ಲ, ನಾಳೆ ಕೇಳಿ ಹಾಕುತ್ತೇನೆ. ಅದಕ್ಕೆ ಕಾಯದೆ ಮೂರನೇ ಭಾಗ ಶುರು ಮಾಡಿ. ನಾನು ಒಂದು ಗಂಟೆಗೆ ಸಿಗುತ್ತೇನೆ.’ ಎರಡು ನಿಮಿಷದ ಕೆಲಸ.

ಹಾಗೆ ಬರೆಯದೇ ಇದ್ದದ್ದನ್ನು ಸೋಮಾರಿತನ ಅನ್ನಬೇಡಿ. ನಮ್ಮ ತಲೆಯಲ್ಲಿರುವುದು ಓದುವವರಿಗೂ ಗೊತ್ತು ಅಂತ ಎಲ್ಲರಿಗೂ ಅನ್ನಿಸುತ್ತದೆ. ಮನೋವಿಜ್ಞಾನಿ ಜಸ್ಟಿನ್ ಕ್ರೂಗರ್ ಮತ್ತು ಜೊತೆಗಾರರು 2005ರಲ್ಲಿ ಇಮೇಲ್ ವಿಷಯದಲ್ಲಿ ಇದನ್ನೇ ಕಂಡರು. ನಾನು ಗಂಭೀರವಾಗಿ ಬರೆದಿದ್ದೇನೋ ವ್ಯಂಗ್ಯವಾಗಿಯೋ ಅನ್ನೋದು ಗೊತ್ತಾಗೇ ಆಗುತ್ತದೆ ಅಂತ ಬರೆದವರು ನಂಬಿದ್ದರು. ಓದಿದವರಿಗೆ ಅಷ್ಟು ಗೊತ್ತಾಗಲಿಲ್ಲ.

ಕೋರ್ಸನ್ನು ಕೆಲಸ ಕೈ ಬದಲಾಗುವ ಈ ಜಾಗದ ಸುತ್ತಲೇ ಕಟ್ಟಿ. ನಾಲ್ಕು ಜನರ ಗುಂಪು, ಐದು ದಿನ, ದಿನಕ್ಕೆ 25 ನಿಮಿಷ. ನಿಮ್ಮ ಎರಡು ಗಂಟೆ ಅಲ್ಲಿಗೆ ಆಯಿತು. ಒಬ್ಬೊಬ್ಬರೂ ಒಂದೊಂದು ಕೆಲಸ ಶುರು ಮಾಡಿ, ಟಿಪ್ಪಣಿ ಬರೆದು, ಮರುದಿನ ಪಕ್ಕದವರಿಗೆ ದಾಟಿಸಬೇಕು. ನಾಲ್ಕು ದಿನದಲ್ಲಿ ಪ್ರತಿ ಕೆಲಸವೂ ನಾಲ್ಕು ಕೈ ದಾಟುತ್ತದೆ. ಅಲ್ಲಿಯವರೆಗೆ ಫೋನ್ ಬೇಡ, ಮೀಟಿಂಗ್ ಬೇಡ. ಐದನೇ ದಿನ ಕಾಲ್‌ನಲ್ಲಿ ಸೇರಿ, ಎಲ್ಲಿ ಸಿಕ್ಕಿಹಾಕಿಕೊಂಡೆವು ಅಂತ ಆ ಟಿಪ್ಪಣಿಗಳನ್ನೇ ಓದುತ್ತಾ ಮಾತಾಡಲಿ. ವಿಡಿಯೋ ಎರಡು ಸಾಕು.

ಮ್ಯಾನೇಜರನ್ನು ಮಾತ್ರ ಅದೇ ಗುಂಪಿಗೆ ಹಾಕಬೇಡಿ. ತಂಡಗಳು ಹೇಗೆ ಕಲಿಯುತ್ತವೆ ಅಂತ ಅಧ್ಯಯನ ಮಾಡಿದ ಏಮಿ ಎಡ್ಮಂಡ್ಸನ್ 1999ರಲ್ಲಿ 51 ತಂಡಗಳನ್ನು ನೋಡಿ ಬರೆದಿದ್ದರು: ತಪ್ಪು ಒಪ್ಪಿಕೊಳ್ಳಲು, ಸಹಾಯ ಕೇಳಲು ಹೆದರಿಕೆ ಇಲ್ಲದ ಕಡೆ ಜನ ಜಾಸ್ತಿ ಕಲಿಯುತ್ತಾರೆ. ಮೊದಲ ದಿನ ನೀವೇ ಬರೆದ ಒಂದು ಕೆಟ್ಟ ಟಿಪ್ಪಣಿಯನ್ನು ಎಲ್ಲರಿಗೂ ತೋರಿಸಿ. ನಾನು ಹಾಗೆ ಮಾಡಿದ ಮೇಲೆಯೇ ‘ನನಗೆ ಅರ್ಥ ಆಗಲಿಲ್ಲ’ ಅನ್ನುವ ಮಾತು ಗುಂಪಿನಲ್ಲಿ ಕೇಳಿಬಂದಿದ್ದು.

ಕ್ವಿಜ್ ಬಿಡಿ. ಆರು ವಾರ ಕಳೆದ ಮೇಲೆ ಅದೇ ತಂಡಗಳ ಮೆಸೇಜ್‌ನಲ್ಲಿ ‘ಯಾವ ಫೈಲು?’ ಅನ್ನುವ ಪ್ರಶ್ನೆ ಎಷ್ಟು ಸಲ ಬಂತು ಅಂತ ಎಣಿಸಿ.

ಮೇಲಿನವರು ಒಪ್ಪದಿದ್ದರೆ ಒಂದೇ ಒಂದು ಗುಂಪನ್ನು ಕೇಳಿ ಪಡೆಯಿರಿ. ಆ ನಾಲ್ವರ ಮೊದಲ ದಿನದ ಟಿಪ್ಪಣಿ, ನಾಲ್ಕನೇ ದಿನದ ಟಿಪ್ಪಣಿ ಅಕ್ಕಪಕ್ಕ ಇಟ್ಟು ಮೇಲಿನವರಿಗೆ ತೋರಿಸಿ.