ಸ್ಟ್ರೋಕ್ ಆಗಿ ಮಾತು ನಿಂತಿರುವ ಅಪ್ಪನಿಗೆ ರಕ್ತಪರೀಕ್ಷೆಯಲ್ಲಿ ಟ್ರೋಪೋನಿನ್ ಜಾಸ್ತಿ ಬಂದಿದೆ. ಹಾರ್ಟ್ ಅಟ್ಯಾಕ್ ಕೂಡ ಆಗಿದೆಯಾ?

ಆಗಿರಬಹುದು, ಆಗದೆಯೂ ಇರಬಹುದು. ಆ ಒಂದು ನಂಬರ್ ನೋಡಿ ತೀರ್ಮಾನಕ್ಕೆ ಬರಬೇಡಿ. ನಾನು ಬಂದಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮದು ಬದಿಯಡ್ಕದ ಹತ್ತಿರ. ಮೂರು ವರ್ಷದ ಹಿಂದೆ ಅಮ್ಮ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದವರು ಹಾಗೇ ಕುಸಿದರು. ಬಾಯಿ ವಾಲಿತ್ತು, ಬಲಗೈ ಏಳಲಿಲ್ಲ, ಮಾತು ನಿಂತಿತ್ತು. ತಲಪಾಡಿ ದಾಟಿ ಮಂಗಳೂರಿಗೆ ಕರೆದೊಯ್ದೆವು. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ ಎಂದರು. ಮರುದಿನ ರಿಪೋರ್ಟ್‌ನಲ್ಲಿ ಟ್ರೋಪೋನಿನ್ 46 ಎಂದಿತ್ತು. ಆ ಲ್ಯಾಬ್‌ನಲ್ಲಿ ಮಿತಿ 14. ಅಣ್ಣನಿಗೆ ಫೋನ್ ಮಾಡಿ, ಹಾರ್ಟ್ ಅಟ್ಯಾಕ್ ಕೂಡ ಆಗಿದೆ ಎಂದು ಅತ್ತುಬಿಟ್ಟೆ.

ಸಂಜೆ ಡಾಕ್ಟರ್ ಕೂರಿಸಿ ಬಿಡಿಸಿ ಹೇಳಿದರು. ಟ್ರೋಪೋನಿನ್ ಹೃದಯದ ಸ್ನಾಯುವಿನೊಳಗಿನ ಪ್ರೋಟೀನ್. ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಸೋರುತ್ತದೆ. ಪೆಟ್ಟಾಗಿದೆ ಎಂದಷ್ಟೇ ಅದು ಹೇಳುತ್ತದೆ, ಯಾಕೆ ಎಂದಲ್ಲ. ಹೃದಯದ ರಕ್ತನಾಳ ಕಟ್ಟಿರಬಹುದು. ಕಿಡ್ನಿ ಸರಿಯಿಲ್ಲದವರಲ್ಲಿ ಅದು ಯಾವಾಗಲೂ ಮೇಲೆಯೇ ಇರಬಹುದು. ಇನ್ನೊಂದು, ನನಗೆ ಗೊತ್ತೇ ಇರದ ಕಾರಣ: ಸ್ಟ್ರೋಕೇ ಹೃದಯವನ್ನು ನೋಯಿಸುತ್ತದೆ. ಮೆದುಳಿನಲ್ಲಿ ಇನ್ಸುಲಾ ಎಂಬ ಭಾಗ ಹೃದಯದ ಬಡಿತಕ್ಕೂ ಬಿಪಿಗೂ ಸಂಬಂಧಪಟ್ಟದ್ದು. ಅಲ್ಲಿ ಏಟಾದರೆ ಅಡ್ರಿನಾಲಿನ್‌ನಂಥ ಹಾರ್ಮೋನುಗಳು ಒಮ್ಮೆಲೇ ನುಗ್ಗಿ ಹೃದಯದ ಸ್ನಾಯು ಬಳಲುತ್ತದೆ.

ಆಮೇಲೆ ನಾನೂ ಓದಿದೆ. ಬರ್ಲಿನ್‌ನ ಶಾರಿಟೆ ಆಸ್ಪತ್ರೆಯವರು ಟ್ರೋಪೋನಿನ್ ಏರಿದ್ದ ಸ್ಟ್ರೋಕ್ ರೋಗಿಗಳಿಗೆ ಆಂಜಿಯೋಗ್ರಾಂ ಮಾಡಿ 2016ರಲ್ಲಿ ಪ್ರಕಟಿಸಿದ್ದಾರೆ. ಸಣ್ಣ ಅಧ್ಯಯನ, 29 ಮಂದಿ. ಅವರಲ್ಲಿ ಸುಮಾರು ಅರ್ಧ ಮಂದಿಯ ಹೃದಯದ ರಕ್ತನಾಳಗಳಲ್ಲಿ ಕಾಯಿಲೆಯೇ ಕಾಣಲಿಲ್ಲ.

ಹಾಗಾಗಿ ಮುಖ್ಯವಾದದ್ದು ಎರಡನೇ ನಂಬರ್. ಕೆಲವು ಗಂಟೆ ಬಿಟ್ಟು ಮತ್ತೆ ಮಾಡಿದಾಗ ಹೆಚ್ಚುಕಮ್ಮಿ ಅಷ್ಟೇ ಇದ್ದರೆ ಹಳೆಯ ತೊಂದರೆ ಇರಬಹುದು. ಚೆನ್ನಾಗಿ ಏರಿದ್ದರೆ ಅಥವಾ ಇಳಿದಿದ್ದರೆ ಪೆಟ್ಟು ಹೊಸದು. ಜೊತೆಗೆ ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಬೇಕು. "ಎರಡನೇ ಸಲ ಎಷ್ಟು ಬಂತು, ಇಸಿಜಿಯಲ್ಲಿ ಬದಲಾವಣೆ ಇದೆಯಾ" ಎಂದು ಧೈರ್ಯವಾಗಿ ಕೇಳಿ. ಕೂಡಲೇ ಆಂಜಿಯೋಗ್ರಾಂ ಮಾಡಲಿಲ್ಲ, ರಕ್ತ ತೆಳುವಾಗುವ ಔಷಧಿ ಕೊಡಲಿಲ್ಲ ಎಂದು ಬೇಜಾರಾಗಬೇಡಿ. ಹೊಸ ಸ್ಟ್ರೋಕ್ ಆದ ಮೆದುಳಿನಲ್ಲಿ ರಕ್ತಸ್ರಾವದ ಭಯ ಇರುತ್ತದೆ, ಅದಕ್ಕೇ ಅಳೆದು ತೂಗುತ್ತಾರೆ.

ಅಮ್ಮನ ಎರಡನೇ ನಂಬರ್ 49. ಹಾರ್ಟ್ ಅಟ್ಯಾಕ್ ಆಗಿರಲಿಲ್ಲ. ಆದರೆ ಟ್ರೋಪೋನಿನ್ ಏರಿದೆ ಎಂದು ಮಾನಿಟರ್ ತೆಗೆಯದೆ ಇಟ್ಟರು ನೋಡಿ, ಮೂರನೇ ದಿನ ಬಡಿತ ಲಯ ತಪ್ಪುವುದು ಸಿಕ್ಕಿತು, ಏಟ್ರಿಯಲ್ ಫಿಬ್ರಿಲೇಷನ್. ಹೆಪ್ಪು ಹೃದಯದಿಂದಲೇ ಮೆದುಳಿಗೆ ಹೋಗಿರಬೇಕು ಎಂದರು. ಅದಕ್ಕೆ ಇವತ್ತಿಗೂ ದಿನಕ್ಕೆರಡು ಮಾತ್ರೆ ನುಂಗುತ್ತಾರೆ.

ಅಪ್ಪನಿಗೆ ಮಾತು ಬರುತ್ತಿಲ್ಲ ಎಂದಿದ್ದೀರಿ. ಹಾಗಾದರೆ ಎದೆನೋವು ಬಂದರೂ ಅವರು ಹೇಳಲಾರರು. ಸುಮ್ನೆ ಬೆವರುತ್ತಿದ್ದರೆ, ಎದೆ ಹಿಡಿದುಕೊಂಡರೆ, ಉಸಿರು ಕಟ್ಟಿದಂತೆ ಕಂಡರೆ ಕೂಡಲೇ ನರ್ಸನ್ನು ಕರೆಯಿರಿ. ಪಕ್ಕದಲ್ಲಿ ಯಾರಾದರೂ ಇರಿ.