ಆರ್ಕ್ ಭುಜಕವಚದ ಮೇಲೆ ಸೊಟ್ಟಗಾಗದ ಚೌಕಳಿ

ವಾರ್‌ಹ್ಯಾಮರ್ ಅನ್ನುವ ಪುಟ್ಟ ಗೊಂಬೆಗಳ ಯುದ್ಧದಾಟದಲ್ಲಿ ಗಾಫ್ ಕುಲದ ಆರ್ಕ್‌ಗಳ (ಹಸಿರು ಮೈಯ ರಾಕ್ಷಸ ಯೋಧರ) ಭುಜದ ಮೇಲೆ ಕಪ್ಪು-ಬಿಳಿ ಚೌಕಳಿ ಸೊಟ್ಟಗಾಗುತ್ತಿದೆ, ಮಾಸ್ಕಿಂಗ್ ಟೇಪ್ ಅಂಟಿಸಲಾ ಅಂತ ಕೇಳಿದ್ದೀರಿ. ಬೇಡ. ಅಷ್ಟು ಚಿಕ್ಕ ಉಬ್ಬಿನ ಮೇಲೆ ಟೇಪ್ ಸರಿಯಾಗಿ ಕೂರುವುದಿಲ್ಲ, ಬಣ್ಣ ಅಡಿಗೆ ನುಗ್ಗುತ್ತದೆ. ಅದನ್ನು ಟ್ಯಾಂಕಿನ ಚಪ್ಪಟೆ ಬದಿಗಳಿಗೆ ಇಟ್ಟುಕೊಳ್ಳಿ.

ಮೊದಲು ಇಡೀ ಜಾಗಕ್ಕೆ ತುಸು ಬೂದು ಬೆರೆಸಿದ ಬಿಳಿಯನ್ನು ತೆಳುವಾಗಿ ಎರಡು-ಮೂರು ಸಲ ಹಚ್ಚಿ, ಚೆನ್ನಾಗಿ ಒಣಗಲು ಬಿಡಿ. ಆಮೇಲೆ ಗೆರೆ. ಜಾಸ್ತಿ ಜನ ಎಡವುವುದು ಇಲ್ಲೇ. ಒಂದು ಅಂಚಿನಿಂದ ಚೌಕ ಬಿಡಿಸುತ್ತಾ ಹೋದರೆ ಕೊನೆಗೆ ಅರ್ಧ ಚೌಕ ಉಳಿಯುತ್ತದೆ. ಅದರ ಬದಲು ನಟ್ಟನಡುವೆ ಒಂದು ಗೆರೆ ಎಳೆಯಿರಿ. ಎರಡೂ ಕಡೆಯನ್ನು ಮತ್ತೆ ಅರ್ಧ ಮಾಡಿ. ಅಡ್ಡಕ್ಕೂ ಹೀಗೇ. ಅರ್ಧ ಎಲ್ಲಿ ಅನ್ನುವುದು ಕಣ್ಣಿಗೆ ಸುಲಭವಾಗಿ ಗೊತ್ತಾಗುತ್ತದೆ, ಐದನೇ ಒಂದು ಭಾಗ ಗೊತ್ತಾಗುವುದಿಲ್ಲ. ಭುಜಕ್ಕೆ ನಾಲ್ಕು ಸಾಲು ಸಾಕು. ಉಬ್ಬಿನ ತುದಿಯಲ್ಲಿ ಚೌಕಗಳು ಕಿರಿದಾದರೆ ಆಗಲಿ, ಗೆರೆ ಉಬ್ಬಿನ ಜೊತೆಗೇ ಬಾಗಬೇಕು.

ಗೆರೆಗೆ 0.3 ಮಿಲಿಮೀಟರ್ ಮೆಕ್ಯಾನಿಕಲ್ ಪೆನ್ಸಿಲ್ ಸಾಕು, ಒತ್ತಬೇಡಿ. ಪಿಗ್ಮಾ ಮೈಕ್ರಾನ್ 005 ಪೆನ್ನೂ ಆಗುತ್ತದೆ, ಅದರ ಗೆರೆ 0.20 ಮಿಲಿಮೀಟರ್. ಆದರೆ ಬಣ್ಣದ ಮೇಲೆ ಅದರ ಶಾಯಿ ಒಣಗುವುದು ನಿಧಾನ, ಬೆರಳು ತಾಗಿದರೆ ಹರಡುತ್ತದೆ.

ಕಪ್ಪು ಬರಬೇಕಾದ ಮನೆಗಳಿಗೆಲ್ಲ ಮೊದಲೇ ಒಂದೊಂದು ಚುಕ್ಕೆ ಇಡಿ. ಸುಮ್ನೆ ತುಂಬಿಸುತ್ತಾ ಹೋದರೆ ಎಲ್ಲೋ ಎರಡು ಕಪ್ಪು ಅಕ್ಕಪಕ್ಕ ಬಂದು ಕೂರುತ್ತವೆ! ಆಮೇಲೆ ನಡುವಿನಿಂದ ಅಂಚಿನ ಕಡೆಗೆ ಬಣ್ಣ ತಳ್ಳಿ. ಗೆರೆ ಮುಟ್ಟುವ ಸ್ವಲ್ಪ ಮುಂಚೆ ನಿಲ್ಲಿಸಿ.

ಈಗ ಇರುವುದು ನಿಜವಾದ ಕೆಲಸ, ತಿದ್ದುವುದು. ಅಚ್ಚುಕಟ್ಟು ಬರುವುದು ಕೈ ನಡುಗದೇ ಇರುವುದರಿಂದ ಅಲ್ಲ, ಬಿಳಿಯಿಂದ ಕಪ್ಪನ್ನೂ ಕಪ್ಪಿನಿಂದ ಬಿಳಿಯನ್ನೂ ಕೊರೆಯುತ್ತಾ ಹೋಗುವುದರಿಂದ. ಮೂಲೆಗಳನ್ನು ಮಾತ್ರ ಗಮನಿಸಿ. ಎರಡು ಕಪ್ಪು ಚೌಕಗಳ ಮೂಲೆ ಒಂದಕ್ಕೊಂದು ತಾಗಿಯೂ ತಾಗದಂತಿದ್ದರೆ, ಬದಿಗಳು ಸ್ವಲ್ಪ ಓರೆಯಾದರೂ ಯಾರಿಗೂ ಕಾಣುವುದಿಲ್ಲ.

ಬ್ರಷ್ ಮೂರು ಸೊನ್ನೆಯದು (000, ತೀರಾ ಸಣ್ಣದು) ಬೇಡ, ಬಣ್ಣ ತುದಿಯಲ್ಲೇ ಒಣಗುತ್ತದೆ. ಮೊನೆ ಚೆನ್ನಾಗಿರುವ 1 ನಂಬರ್ ಸಾಕು. ಬೇಸಿಗೆಯಲ್ಲಿ ಫ್ಯಾನ್ ಆಫ್ ಮಾಡಿ, ಒದ್ದೆ ಸ್ಪಂಜಿನ ಮೇಲೆ ಬೇಕಿಂಗ್ ಪೇಪರ್ ಹಾಸಿ ಅದರ ಮೇಲೆ ಬಣ್ಣ ಇಟ್ಟುಕೊಳ್ಳಿ.

ಇಷ್ಟಾದರೂ ಒಂದು ಮೂಲೆ ಕೈಕೊಟ್ಟರೆ ಅಲ್ಲೊಂದು ಕಂದು ಗೀರು, ಅದರೊಳಗೆ ಸ್ವಲ್ಪ ಬೆಳ್ಳಿ. ಆರ್ಕ್‌ನ ಕವಚ ಏಟು ತಿಂದಿರಲೇಬೇಕು, ಅಲ್ವಾ? ಅದೇ ಆಟದ ಹಾರ್ಲೆಕ್ವಿನ್ ಅನ್ನುವ ವಿದೂಷಕ ವೇಷದ ಯೋಧರ ಡೈಮಂಡ್ ವಿನ್ಯಾಸಕ್ಕೆ ಈ ರಿಯಾಯಿತಿ ಇಲ್ಲ. ವಿಧಾನ ಇದೇ, ಗೆರೆಗಳು ಓರೆ, ತಾಳ್ಮೆ ಇನ್ನೂ ಜಾಸ್ತಿ ಬೇಕು.