ಹತ್ತನೇ ತರಗತಿಯ ಬೀಳ್ಕೊಡುಗೆಯಲ್ಲಿ ಎಲ್ಲರಿಗೂ ಅಳು ಬರುವ ಹಾಗೆ ಹೇಗೆ ಮಾತಾಡಲಿ?

ಅಳಿಸೋಕೆ ಹೋಗಬೇಡಿ. ಮೂರು ವರ್ಷದ ಹೈಸ್ಕೂಲ್ ನೆನಪಿನ ಬಗ್ಗೆ ಇಡೀ ತರಗತಿ ಪರವಾಗಿ ಎಂಟು ನಿಮಿಷ ಮಾತಾಡಬೇಕು ಎಂದಿದ್ದೀರಿ. ನನಗೆ ಕೊಟ್ಟಿದ್ದು ಐದು ನಿಮಿಷ. ಹುಡುಗಿಯರು ಅತ್ತರು, ಹುಡುಗರು ಮೂಗು ಒರೆಸಿಕೊಂಡರು, ಗಣಿತದ ಸರ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. ಇಪ್ಪತ್ತು ವರ್ಷ ದಾಟಿದೆ. ಆ ಐದು ನಿಮಿಷ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

2003ರ ಮಾರ್ಚ್, ಬಾಗಲಕೋಟೆ. ಈಗ ಬಾಗಲಕೋಟೆ ಅಂದರೆ ಹೊರಗಿನವರಿಗೆ ನವನಗರ, ಅಗಲ ರಸ್ತೆ, ಸೆಕ್ಟರ್ ನಂಬರ್. ನಾನು ಹೇಳುತ್ತಿರುವುದು ಹಳೇ ಊರಿನ ಮಾತು. ಆಲಮಟ್ಟಿ ಅಣೆಕಟ್ಟಿನಲ್ಲಿ 519.60 ಮೀಟರ್‌ವರೆಗೆ ನೀರು ನಿಲ್ಲಿಸಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2000ದ ಏಪ್ರಿಲ್‌ನಲ್ಲಿ. ಜೂನ್‌ನಲ್ಲಿ ನಾವು ಎಂಟನೇ ತರಗತಿಗೆ ಸೇರಿದೆವು. ಅಣೆಕಟ್ಟು ಇರುವುದು ಕೃಷ್ಣೆಗೆ, ಆದರೆ ಹಿನ್ನೀರು ಘಟಪ್ರಭೆಯ ಗುಂಟ ನಮ್ಮ ಊರಿನ ತನಕ ಬರುತ್ತದೆ. ಹಾಗಾಗಿ ನಮ್ಮ ಹೈಸ್ಕೂಲೂ ಮುಳುಗಡೆಯೂ ಒಟ್ಟೊಟ್ಟಿಗೆ ನಡೆದವು ಅಂತಲೇ ಹೇಳಬೇಕು.

ದಿನಾ ಶಾಲೆಗೆ ಹೋಗುವ ದಾರಿಯಲ್ಲಿ ಊರು ಬಿಚ್ಚಿಕೊಳ್ಳುತ್ತಿತ್ತು. ಕಿಲ್ಲಾ ಓಣಿಯಲ್ಲಿ ಒಂದು ಮನೆ ನನಗೆ ಚೆನ್ನಾಗಿ ನೆನಪಿದೆ. ಸೋಮವಾರ ನೋಡಿದರೆ ಬಾಗಿಲು ಇಲ್ಲ. ಮಂಗಳವಾರ ಚೌಕಟ್ಟು ಇಲ್ಲ. ಶನಿವಾರದ ಹೊತ್ತಿಗೆ ತೊಲೆ, ಜಂತಿ ಎಲ್ಲ ಟ್ರ್ಯಾಕ್ಟರ್ ಹತ್ತಿದ್ದವು. ಗೋಡೆಯಲ್ಲಿ ದೀಪ ಇಡುವ ಮಾಡ ಮಾತ್ರ ಉಳಿದಿತ್ತು, ಒಳಗೆ ಎಣ್ಣೆಯ ಕಲೆ ಮತ್ತು ಮಸಿ. ಅದನ್ನು ಕಿತ್ತುಕೊಂಡು ಹೋಗೋಕೆ ಆಗಲ್ಲ ಅಲ್ವಾ. ನಮ್ಮ ಶಾಲೆ ಇದ್ದ ಓಣಿಯೂ ಮುಳುಗಡೆ ಪಟ್ಟಿಯಲ್ಲಿತ್ತು. ಆ ಕಟ್ಟಡದಲ್ಲಿ ಹತ್ತನೇ ತರಗತಿ ಮುಗಿಸುವ ಕೊನೆಯ ಬ್ಯಾಚ್ ನಾವು. ಅಂದರೆ ನೋಡಿ, ಅಳಿಸೋಕೆ ಇದಕ್ಕಿಂತ ಒಳ್ಳೆಯ ಸರಕು ಯಾವ ವಿದ್ಯಾರ್ಥಿಗೂ ಸಿಗಲ್ಲ. ನಾನು ಚರ್ಚಾ ಸ್ಪರ್ಧೆಯ ಹುಡುಗ ಬೇರೆ. ಮೈಕ್ ಕಂಡರೆ ಎದೆ ಉಬ್ಬುತ್ತಿತ್ತು.

ಇನ್ನು ನನ್ನ ಬೆಂಚಿನ ಗೆಳೆಯನ ವಿಷಯ. ಹೆಸರು ಬೇಡ, ಅವನೂ ಇದನ್ನು ಓದಬಹುದು. ಕಿಟಕಿ ಪಕ್ಕದ ಮೂರನೇ ಬೆಂಚು ನಮ್ಮದು. ಬಾಗಲಕೋಟೆಯ ಹೋಳಿ ಗೊತ್ತಿರಬೇಕು ನಿಮಗೆ. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಅಂತ ಓಣಿ ಓಣಿಗಳಿಗೆ ಪೈಪೋಟಿ, ಬಣ್ಣದ ಬ್ಯಾರಲ್ ಹೊತ್ತ ಬಂಡಿಗಳು, ರಾತ್ರಿಯೆಲ್ಲ ಹಲಗಿ. ಅವನು ಆ ಹಲಗಿ ಪೆಟ್ಟನ್ನು ಎರಡು ಬೆರಳಲ್ಲಿ ಬೆಂಚಿನ ಮೇಲೆ ಬಾರಿಸುತ್ತಿದ್ದ. ವಿಜ್ಞಾನದ ಮೇಡಂ ಎಷ್ಟು ಹುಡುಕಿದರೂ ಸದ್ದು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುತ್ತಿರಲಿಲ್ಲ. ಮುಖ ಮಾತ್ರ ಪುಸ್ತಕದಲ್ಲಿ ಇರುತ್ತಿತ್ತು.

ಅವನದು ಹೊಳೆದಂಡೆಯ ಊರು. ದಿನಾ ನಡೆದುಕೊಂಡೇ ಬರುತ್ತಿದ್ದ. ನಾವು ಒಂಬತ್ತನೇ ತರಗತಿಯಲ್ಲಿ ಇದ್ದಾಗ ಆ ಊರು ಪುನರ್ವಸತಿ ಕೇಂದ್ರಕ್ಕೆ ಎದ್ದು ಹೋಯಿತು. ಹೊಸ ಜಾಗದಿಂದ ಶಾಲೆಗೆ ಹನ್ನೊಂದು ಕಿಲೋಮೀಟರ್. ಬಸ್ಸು ಬರುವ ಹೊತ್ತಿಗೂ ಶಾಲೆಯ ಗಂಟೆಗೂ ಸಂಬಂಧವೇ ಇರಲಿಲ್ಲ. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡೋಕೆ ಶುರು ಮಾಡಿದ್ದು 2006-07ರಲ್ಲಿ, ನಮಗೆ ಅದು ತಡವಾಯಿತು. ಅರ್ಧವಾರ್ಷಿಕ ಪರೀಕ್ಷೆ ತನಕ ಹೇಗೋ ಬಂದ. ಆಮೇಲೆ ವಾರಕ್ಕೆ ಎರಡು ದಿನ, ಆಮೇಲೆ ಇಲ್ಲ. ಪರಿಹಾರದ ದುಡ್ಡು ಅವನ ಮನೆಯಲ್ಲಿ ಹೇಗೆ ಖರ್ಚಾಯಿತು ಅನ್ನೋದು ಬೇರೆಯದೇ ಕಥೆ. ಅದನ್ನು ಹೇಳುವ ಹಕ್ಕು ನನಗಿಲ್ಲ. ಶಾಮಿಯಾನದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ ಅಂತ ಯಾರೋ ಹೇಳಿದರು.

ಬೀಳ್ಕೊಡುಗೆಯ ದಿನ ಬೆಳಗ್ಗೆ ಒಂಬತ್ತಕ್ಕೆ ನಾನು ಶಾಲೆಯ ಅಂಗಳದಲ್ಲಿದ್ದೆ. ಟಂಟಂ ಬಂತು. ಕಬ್ಬಿಣದ ಮಡಚುವ ಕುರ್ಚಿಗಳು. ಇಳಿಸುತ್ತಿದ್ದವನು ಅವನೇ. ನಾವು ಓಡಿಹೋಗಿ ಕೈ ಹಾಕಿದೆವು. "ಹಗೂರಕ ಇಡ್ರಲೇ, ಕಾಲ ಮುರದ್ರ ಮಾಲಕ ನನ್ನ ಪಗಾರದಾಗ ಹಿಡೀತಾನ" ಅಂದ. ಕೊನೆಯ ಸಾಲಿನ ಕುರ್ಚಿ ಬಿಡಿಸುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಪರೀಕ್ಷಾ ಮುಗದ ಮ್ಯಾಲೆ ನಿನ್ನ ನೋಟ್ಸ್ ಎಲ್ಲಾ ನನಗ ಕೊಡಲೇ, ಮುಂದಿನ ವರ್ಷ ಹೊರಗಿಂದ ಕಟ್ತೀನಿ" ಎಂದ. ಕೊಡುತ್ತೇನೆ ಎಂದೆ. ಗಣಿತ ನಾನೇ ಹೇಳಿಕೊಡುತ್ತೇನೆ ಅಂತಲೂ ಎಂದೆ.

ಈಗ ನನ್ನ ತಪ್ಪು. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಭಾಷಣವನ್ನು ಹಳೇ ಪ್ರಶ್ನೆಪತ್ರಿಕೆಯ ಹಿಂಬದಿ ಬರೆದಿದ್ದೆ. ಅದರಲ್ಲಿ ಒಂದು ಸಾಲು ಹೀಗಿತ್ತು: "ಊರು ಮುಳುಗಿದರೂ ನಮ್ಮಲ್ಲಿ ಬಹುತೇಕ ಯಾರೂ ಒಬ್ಬರ ಕೈ ಒಬ್ಬರು ಬಿಡಲಿಲ್ಲ." ಹಿಂದಿನ ರಾತ್ರಿ ಕನ್ನಡಿ ಮುಂದೆ ನಿಂತು ಓದಿದಾಗ "ಬಹುತೇಕ" ಹತ್ತಿರ ನಾಲಿಗೆ ಎಡವಿತು. ಎರಡನೇ ಸಲವೂ ಎಡವಿತು. ಆ ಪದ ಹೊಡೆದು ಹಾಕಿದೆ. ಸಾಲು ನೀರಿನ ಹಾಗೆ ಹರಿಯಿತು. ಅಷ್ಟೇ ನಡೆದದ್ದು. ಒಂದು ಪದ. ಬರೆಯುವಾಗ ಅದನ್ನು ಹಾಕಿದ್ದೇ ನನಗೆ ಸತ್ಯ ಗೊತ್ತಿದ್ದರಿಂದ. ಎಂಟನೇ ತರಗತಿಯಲ್ಲಿ ನಾವು 62 ಜನ, ಹತ್ತರಲ್ಲಿ 45. ಹದಿನೇಳು ಜನರ ಲೆಕ್ಕ ಆ ಒಂದು ಪದದಲ್ಲಿತ್ತು. ಕೆಲವರು ಕಟ್ಟಡ ಕೆಲಸಕ್ಕೆ ಗೋವಾಕ್ಕೆ ಹೋಗಿದ್ದರು. ಇಬ್ಬರು ಒಂಬತ್ತರಲ್ಲೇ ನಪಾಸಾಗಿ ಬಿಟ್ಟಿದ್ದರು. ಒಬ್ಬಳಿಗೆ ಮದುವೆ ಆಗಿತ್ತು, ನಾವೇ ಹೋಗಿ ಬುಂದಿ ತಿಂದು ಬಂದಿದ್ದೆವು. ಈಗಾದರೆ ಯಾರಾದರೂ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತಿದ್ದರು. ನಮಗೆ ಆಗ ಅದು ಊಟ.

ಹೋಗಲಿ, ರಾತ್ರಿ ಮರೆತೆ ಅನ್ನೋಣ. ಬೆಳಗ್ಗೆ ಅವನನ್ನು ಕಣ್ಣಾರೆ ಕಂಡೆನಲ್ಲ. ಕುರ್ಚಿ ಇಳಿಸಿದ್ದು ಒಂಬತ್ತಕ್ಕೆ, ನಾನು ಮಾತಾಡಿದ್ದು ಹನ್ನೊಂದೂವರೆಗೆ. ಎರಡೂವರೆ ಗಂಟೆ ಇತ್ತು. ಜೇಬಿನಲ್ಲಿ ಪೆನ್ನಿತ್ತು. ಆ ಸಾಲನ್ನು ಅಷ್ಟರಲ್ಲಿ ನಾಲ್ಕು ಸಲ ಓದಿಕೊಂಡಿದ್ದೇನೆ, ನಾಲ್ಕೂ ಸಲ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅನ್ನೋದನ್ನೇ ನೋಡಿದ್ದೇನೆ. ಅವನು ನಮ್ಮವನು ಅನ್ನೋದು ಮರೆತಿರಲಿಲ್ಲ. ಅವನು ಕೇಳುತ್ತಾನೆ ಅನ್ನೋದೇ ಹೊಳೆಯಲಿಲ್ಲ. ಕುರ್ಚಿಯವನು ಅಂಗಳದಲ್ಲೇ ಇರುತ್ತಾನೆ, ಕಾರ್ಯಕ್ರಮ ಮುಗಿದ ಮೇಲೆ ಅವನೇ ಎಣಿಸಿ ವಾಪಸ್ ಒಯ್ಯಬೇಕು ಅಂತ ಹದಿನಾರು ವರ್ಷದ ನನಗೆ ತಲೆಗೆ ಬರಲಿಲ್ಲ.

ವೇದಿಕೆಯಿಂದ ಆ ಸಾಲು ಹೇಳಿದೆ. ಚಪ್ಪಾಳೆ ಬಿತ್ತು. ನೀರಿನ ಟ್ಯಾಂಕಿನ ಹತ್ತಿರ, ಉಳಿದ ಹತ್ತು ಕುರ್ಚಿಗಳ ಅಟ್ಟಿ ಪಕ್ಕ ಅವನು ನಿಂತಿದ್ದ. ಎಲ್ಲರೂ ಅಳುವಾಗ ಅವನು ನನ್ನನ್ನೇ ನೋಡುತ್ತಿದ್ದ. ಸಿಟ್ಟಿನ ಮುಖ ಅಲ್ಲ. ವಿಜ್ಞಾನದ ಪೀರಿಯಡ್‌ನಲ್ಲಿ ಇರುತ್ತಿತ್ತಲ್ಲ, ಏನೂ ಗೊತ್ತಿಲ್ಲದವನ ಮುಖ, ಅದು.

ಶಿರಾ, ಉಪ್ಪಿಟ್ಟು ಹಂಚುವಾಗ ಅವನಿಗೂ ಪ್ಲೇಟ್ ಒಯ್ದೆ. "ಬ್ಯಾಡ, ಉಂಡೇನಿ" ಎಂದ. ಪರೀಕ್ಷೆ ಮುಗಿಯಿತು. ನೋಟ್ಸನ್ನೆಲ್ಲ ಸುತಳಿಯಲ್ಲಿ ಕಟ್ಟಿ ಇಟ್ಟಿದ್ದೆ. ಅವನು ಬರಲಿಲ್ಲ. ನಾವು ನವನಗರಕ್ಕೆ ಮನೆ ಬದಲಿಸುವಾಗ ಅಪ್ಪ ಆ ಕಟ್ಟನ್ನು ರದ್ದಿಗೆ ಹಾಕಿದರು. ಅವನು ಹತ್ತನೇ ತರಗತಿ ಕಟ್ಟಲೇ ಇಲ್ಲ. ಅದು ನನ್ನ ಒಂದು ಮಾತಿನಿಂದ ಅಂತ ಹೇಳುವಷ್ಟು ದೊಡ್ಡ ಮನುಷ್ಯ ನಾನಲ್ಲ. ದುಡಿಯುವ ಹುಡುಗನಿಗೆ ನೂರೆಂಟು ಕಾರಣ ಇರುತ್ತವೆ. ಆದರೆ ನೋಟ್ಸ್ ಕೊಡೋಕೆ ಹನ್ನೊಂದು ಕಿಲೋಮೀಟರ್ ನಾನೇ ಹೋಗಬಹುದಿತ್ತು. ನನ್ನ ಹತ್ತಿರ ಸೈಕಲ್ ಇತ್ತು.

2016ರಲ್ಲಿ ತಂಗಿಯ ಮದುವೆ. ಪೆಂಡಾಲ್ ಮಾತಾಡೋಕೆ ಅಂಗಡಿಗೆ ಹೋದರೆ ಗಲ್ಲಾದ ಮೇಲೆ ಅವನು. ಈಗ ಅವನೇ ಮಾಲಕ. ನಗುತ್ತಲೇ ಎದ್ದ. "ಬರ್ರಿ ಸರ್, ಕುಂದರ್ರಿ. ಎಷ್ಟು ಖುರ್ಚಿ ಬೇಕ್ರಿ?" ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ: ಒಂದೇ ಬೆಂಚಿನಲ್ಲಿ ಕೂತವನು "ಲೇ" ಬಿಟ್ಟು "ರೀ" ಅಂದರೆ ಅದು ಮರ್ಯಾದೆ ಅಲ್ಲ, ನಡುವೆ ಕಟ್ಟಿದ ಗೋಡೆ. ನಾನು ಬೇಕಂತಲೇ "ಲೇ" ಎಂದೆ. ಅವನು ಚಹಾ ತರಿಸಿದ, ರೇಟು ಹೇಳಿದ, ರಸೀದಿ ಬರೆದ, "ಕಡಿಮಿ ಬಿದ್ರ ಫೋನ್ ಹಚ್ಚರ್ರಿ" ಎಂದ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಭಾಷಣವಾ, ಫೋಟೋ ಸೇರಿಸಿ ವಿಡಿಯೋನಾ ಅಂತಲೂ ಕೇಳಿದ್ದೀರಿ. ಯಾವುದಾದರೂ ಮಾಡಿ, ನನಗೆ ಅದು ದೊಡ್ಡ ವಿಷಯ ಅನ್ನಿಸಲ್ಲ. ಶಾಲೆಗೆ ಗೋಡೆ ಗಡಿಯಾರ ಮಾತ್ರ ಕೊಡಬೇಡಿ. ನಾನು ನೋಡಿದ ಪ್ರತಿ ಶಾಲೆಯಲ್ಲೂ ಹಳೇ ಬ್ಯಾಚ್‌ಗಳು ಕೊಟ್ಟ ಏಳೆಂಟು ಗಡಿಯಾರ ಇವೆ, ಒಂದೊಂದು ಒಂದೊಂದು ಟೈಮ್ ತೋರಿಸುತ್ತದೆ.

ಆದರೆ "ನಾವೆಲ್ಲ" ಅನ್ನುವ ಮೊದಲು ಆಫೀಸಿಗೆ ಹೋಗಿ ನಿಮ್ಮ ಎಂಟನೇ ತರಗತಿಯ ಹಾಜರಿ ಪುಸ್ತಕ ಕೇಳಿ. ಎರಡು ವರ್ಷದ ಹಿಂದಿನದು, ಸಿಕ್ಕೇ ಸಿಗುತ್ತದೆ. ಈಗಿನ ಪಟ್ಟಿಯಲ್ಲಿ ಯಾರು ಇಲ್ಲ ನೋಡಿ. ಅವರನ್ನು ಕರೆಯಿರಿ. ಬರಲು ಆಗದಿದ್ದರೆ ಬರೀ ಹೆಸರು ಓದಿ. ಯಾಕೆ ಬಿಟ್ಟರು ಅಂತ ವೇದಿಕೆಯ ಮೇಲೆ ಹೇಳಬೇಡಿ, ಮದುವೆ, ನಪಾಸು, ಕೂಲಿ, ಯಾವುದನ್ನೂ. ಅದನ್ನು ಹೇಳಿದರೆ ಜನ ಖಂಡಿತ ಅಳುತ್ತಾರೆ, ಅದಕ್ಕೇ ಹೇಳಬಾರದು. ಅಲ್ಲಿ ಕೂತವರ ಪೈಕಿ ಯಾರ ಅಣ್ಣ, ಯಾರ ಚಿಕ್ಕಪ್ಪ ಇರುತ್ತಾರೋ ನಿಮಗೆ ಗೊತ್ತಿರಲ್ಲ. ಇದಕ್ಕೆ ಎರಡು ನಿಮಿಷ ಸಾಕು. ಉಳಿದ ಆರು ನಿಮಿಷದಲ್ಲಿ ಯಾರು ಯಾರ ಡಬ್ಬಿಯ ಶೇಂಗಾ ಹೋಳಿಗೆ ಕದ್ದರು ಅನ್ನೋದನ್ನು ಹೇಳಿ ನಗಿಸಿ. "ಮರೆಯಲಾಗದ ಸವಿನೆನಪು" ಅಂತ ಬರೆದಿದ್ದರೆ ಹೊಡೆದು ಹಾಕಿ. "ಬಹುತೇಕ" ಅಂತ ಇದ್ದರೆ ಅದನ್ನು ಮುಟ್ಟಬೇಡಿ.

ಈ ಉಪಾಯ ನನಗೆ ಬಂದಿದ್ದು 2023ರಲ್ಲಿ. ಇಪ್ಪತ್ತು ವರ್ಷ ಆಯಿತು ಅಂತ ನಮ್ಮ ಬ್ಯಾಚ್‌ನವರು ಗುರುವಂದನೆ ಇಟ್ಟುಕೊಂಡರು. ವಾಟ್ಸಾಪ್ ಗ್ರೂಪಿನಲ್ಲಿ ಅದೇ 45 ಹೆಸರು. ಉಳಿದ ಹದಿನೇಳು ಜನರನ್ನೂ ಸೇರಿಸೋಣ ಎಂದೆ. "ಅವರು ನಮ್ಮ ಬ್ಯಾಚ್ ಹೆಂಗ ಆಗ್ತಾರ" ಅಂತ ಒಬ್ಬ ಬರೆದ. ಆ 45ರಲ್ಲೇ ಹನ್ನೊಂದು ಜನ ಮೊದಲ ಸಲ ನಪಾಸಾಗಿದ್ದರು, ಬರೆದವನೂ ಅದರಲ್ಲಿ ಒಬ್ಬ. ಸುಮ್ನೆ ಇದ್ದೆ. ಶಾಲೆ ಈಗ ನವನಗರದಲ್ಲಿದೆ. ಹಳೇ ದಾಖಲಾತಿ ರಜಿಸ್ಟರ್ ಟ್ರಂಕಿನಲ್ಲಿ ಬಂದಿತ್ತು, ಪುಣ್ಯ. ಹದಿನೇಳರಲ್ಲಿ ಒಂಬತ್ತು ಜನರ ನಂಬರ್ ಸಿಕ್ಕಿತು, ಆರು ಜನ ಬಂದರು. ಅವನೂ ಬಂದ. ಕುರ್ಚಿ ಅವನ ಅಂಗಡಿಯವೇ, ಈಗ ಪ್ಲಾಸ್ಟಿಕ್. ಎರಡನೇ ಸಾಲಿನಲ್ಲಿ ಕೂರುವ ಮೊದಲು ಕುರ್ಚಿಯ ಕಾಲನ್ನು ಒಮ್ಮೆ ಒತ್ತಿ ನೋಡಿದ.

"ಇವತ್ತೂ ನೀವ ಮಾತಾಡ್ತೀರೇನ್ರಿ?" ಎಂದು ಕೇಳಿದ.

"ಇಲ್ಲ, ಹೆಸರು ಓದೂದಷ್ಟ" ಎಂದೆ.

62 ಹೆಸರು ಓದಿದೆ. ಅವನ ಹೆಸರು ಬಂದಾಗ ಅವನು ಒಳಗೆ ಇರಲಿಲ್ಲ, ಯಾವುದೋ ಮದುವೆಯ ಸಾಮಾನು ಹೊತ್ತ ಡ್ರೈವರ್ ಜೊತೆ ಹೊರಗೆ ಫೋನಿನಲ್ಲಿ ಬೈದಾಡುತ್ತಿದ್ದ. "ಬಂದಾನ್ರಿ ಸರ್, ಹೊರಗದಾನ" ಅಂತ ಹಿಂದಿನಿಂದ ಯಾರೋ ಕೂಗಿದರು. ಮರುವಾರ ಬಿಲ್ ಬಂತು. ನೂರು ಕುರ್ಚಿ, ಪೂರ್ತಿ ರೇಟು, ಒಂದು ರೂಪಾಯಿ ಕಡಿಮೆ ಇಲ್ಲ. ಕೆಳಗೆ ಅವನದೇ ಕೈಬರಹದಲ್ಲಿ: "ಒಂದು ಖುರ್ಚಿ ಕಾಲು ಮುರಿದಿದೆ, ಬಿಟ್ಟಿದ್ದೇನೆ." ದುಡ್ಡು ಕಳಿಸಿ ಫೋನ್ ಮಾಡಿದೆ. "ಮುಟ್ಟೇತ್ರಿ" ಎಂದ.